ಮೂರನೇ ಕೂಗು

ಶಹಾಪುರದ ಪರಿಮಳಾಳ ಮನೆಯಲ್ಲಿ ನಡೆದದ್ದು ಇದು, ಸುಳ್ಳಲ್ಲ. ಅವಳ ಗಂಡ ಹಣಮೇಶ ಹಿಮಾಚಲದ ಸ್ಕೀ ರೆಸಾರ್ಟಿನಲ್ಲಿದ್ದ. ಹಿಮದ ಮೇಲೆ ಜಾರಲು ಬಂದವರನ್ನು ತಂತಿಯ ಮೇಲೆ ಸಾಗುವ ತೂಗುಕುರ್ಚಿಯಲ್ಲಿ ಗುಡ್ಡ ಹತ್ತಿಸುವ ಕೆಲಸ.

ಶಿವರಾತ್ರಿ ಮುಗಿದ ಮರುವಾರ, ಮಟಮಟ ಮಧ್ಯಾಹ್ನ, ಬಿಸಿಲಿಗೆ ಮುಚ್ಚಿದ ಬಾಗಿಲಾಚೆ ಅವನದೇ ದನಿ ಕೇಳಿಸಿತು. "ಪರಿಮಳಾ!"

ಅವಳು ದಡಬಡಿಸಿ ಎದ್ದಳು. ಅತ್ತೆ ಮರಿಲಿಂಗಮ್ಮ ಸೆರಗು ಹಿಡಿದೆಳೆದಳು. "ನಡು ಮಧ್ಯಾಹ್ನ ಯಾರರ ಕರದ್ರ ಮೂರನೇ ಸಲಕ್ಕ ಓ ಅನಬೇಕು. ದೆವ್ವಕ್ಕ ಮೂರ್ ಸಲ ಕರಿಯಾಕ ಬರಂಗಿಲ್ಲ. ಸುಮ್ಮನ ಕೂಡು."

ದನಿ ಮತ್ತೊಮ್ಮೆ ಕರೆಯಿತು, ಹಲ್ಲು ಕಟಕಟಿಸುವ ನಡುಕದಲ್ಲಿ. ಬಾಗಿಲ ಸಂದಿಯಿಂದ ತಣ್ಣನೆ ಗಾಳಿ ನುಗ್ಗಿ ಅವಳ ಪಾದಗಳು ಮರಗಟ್ಟಿದವು. ಪರಿಮಳಾ ಬಾಯಿಗೆ ಸೆರಗು ತುರುಕಿಕೊಂಡು ಮೂರನೆಯದಕ್ಕೆ ಕಾದಳು. ಅದು ಬರಲೇ ಇಲ್ಲ. ಬಾಗಿಲು ತೆರೆದರೆ ಹೊರಗೆ ಯಾರೂ ಇರಲಿಲ್ಲ. ಮೆಟ್ಟಿಲ ಪರಸಿಗಲ್ಲು ಮಾತ್ರ ಒದ್ದೆಯಾಗಿ, ಮಂಜಿನಂತೆ ಕೊರೆಯುತ್ತಿತ್ತು.

ಸಂಜೆ ಅವನ ಜೊತೆಗಾರ ಬಸಲಿಂಗನ ಫೋನ್ ಬಂತು. "ಮಧ್ಯಾಹ್ನ ಹಿಮ ಕುಸದು ಹಣಮೇಶ ಒಳಗ ಸಿಕ್ಕೊಂಡಿದ್ದ ತಂಗೀ. ನಾವು ಅಗಿಯಾಕತ್ತಿದ್ವಿ. ಎರಡ್ ಸಲ ನಿನ್ನ ಹೆಸರು ಹಿಡದು ಕರದ. ಆಮ್ಯಾಲ ದನಿ ಬರಲಿಲ್ಲ."

"ನಾ ಓ ಅಂದಿದ್ರ ಜೀವಂತ ಇರ್ತಿದ್ನೇನೋ," ಎಂದು ಅವಳು ಇಂದಿಗೂ ಅತ್ತೆಯ ಮುಖ ನೋಡದೆ ಹೇಳುತ್ತಾಳೆ. ಈ ಬೇಸಿಗೆಯಲ್ಲಿ ಓಣಿಯ ನಾಯಿಗಳು ಬೇವಿನ ನೆರಳು ಬಿಟ್ಟು, ಉರಿಬಿಸಿಲು ಬೀಳುವ ಆ ಮೆಟ್ಟಿಲ ಮೇಲೆಯೇ ಬಂದು ಮಲಗುತ್ತಿವೆ.