ಗಾಜಿನ ಪೆಟ್ಟಿಗೆಯ ಕಾಂತೆಲೆ

ಪೆಟ್ಟಿಗೆಯ ಮೇಲೆ ಹೊದಿಸಿದ್ದ ನಾರುಬಟ್ಟೆಯನ್ನು ಎಳೆದೆ. ಒಳಗೆ ಕಾಂತೆಲೆ ಇರಲಿಲ್ಲ. ನೀಲಿ ಮಖಮಲ್ಲಿನ ಮೇಲೆ ಅದು ಮಲಗಿದ್ದ ಗುರುತು ಮಾತ್ರ ಉಳಿದಿತ್ತು. ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು, ಗಾಜಿನ ಮೇಲೆ ಒಂದು ಗೀರೂ ಬಿದ್ದಿರಲಿಲ್ಲ. ಆ ಬೀಗಕ್ಕಿದ್ದ ಒಂದೇ ಒಂದು ಕೀಲಿ ನನ್ನ ಕುತ್ತಿಗೆಯ ದಾರದಲ್ಲಿ ನೇತಾಡುತ್ತಿತ್ತು. ಭಾನುವಾರ ಬೆಳಗ್ಗಿನ ಆ ಸಭಾಂಗಣ ಎಷ್ಟು ನಿಶ್ಶಬ್ದವಾಗಿತ್ತೆಂದರೆ ಗೋಡೆಯ ಹಲ್ಲಿ ಲೊಚಗುಟ್ಟಿದ್ದೂ ಕೇಳಿಸಿತು.

ನಾನು ಬೀ ಹ್ವಾ. ಪೆನಾಂಗ್‌ನ ಫಿನ್ನಿಶ್ ಸಂಸ್ಕೃತಿ ಭವನದಲ್ಲಿ ಹದಿನೆಂಟು ವರ್ಷದಿಂದ ಕಾರ್ಯದರ್ಶಿ. ಫಿನ್‌ಲೆಂಡಿನ ಫಿನ್ ಜನ ತಮ್ಮ ಹಾಡು, ನೇಯ್ಗೆ, ಗಾಜಿನ ಕೆಲಸವನ್ನು ನಮ್ಮೂರಿಗೆ ತೋರಿಸಲು ಬರುತ್ತಾರೆ. ಅವರಿಗೆ ರೂಮು, ಊಟ, ಛತ್ರಿ ಹೊಂದಿಸುವುದೂ ಬೀಗಗಳನ್ನು ನೋಡಿಕೊಳ್ಳುವುದೂ ನನ್ನ ಪಾಲಿನದು. ಅವತ್ತು ಸಂಜೆ ದೊಡ್ಡ ಕಾರ್ಯಕ್ರಮವಿತ್ತು. ಒಂದೇ ಮರದ ತುಂಡಿನಲ್ಲಿ ಕೆತ್ತಿದ, ಐದು ತಂತಿಯ ಇನ್ನೂರು ವರ್ಷದ ಕಾಂತೆಲೆ ವಾದ್ಯವನ್ನು ಅದರ ಒಡತಿ ಲೆಂಪಿ ಮುಸ್ತೋಲಾ ನಮ್ಮನ್ನು ನಂಬಿ ಕಳಿಸಿದ್ದಳು. ಮಧ್ಯಾಹ್ನದ ವಿಮಾನಕ್ಕೆ ಆ ಮುದುಕಿಯೇ ಬಂದಿಳಿಯುವವಳಿದ್ದಳು. ಅವಳಿಗೆ ಯಾವ ಮುಖ ತೋರಿಸಲಿ?

ನನ್ನ ಕೂಗಿಗೆ ಮೊದಲು ಓಡಿ ಬಂದವಳು ತುಲಿಕ್ಕಿ, ಕಾಂತೆಲೆ ನುಡಿಸಲು ಬಂದಿದ್ದ ಕಲಾವಿದೆ. ಅವಳ ಹಿಂದೆಯೇ ಹಳೇ ವಸ್ತುಗಳ ವ್ಯಾಪಾರಿ ಓಂಗ್ ಸೂ ಹಾಕ್ ಬಂದ. ಅವಳನ್ನು ಹೋಟೆಲಿನಿಂದ ಕಾರಿನಲ್ಲಿ ಕರೆತಂದವನು ಅವನೇ.

"ಕೀಲಿ ಯಾರ ಹತ್ರ ಇದೆ?" ಎಂದಳು ತುಲಿಕ್ಕಿ.

"ನನ್ನ ಹತ್ರ."

"ಮತ್ತಿನ್ನೇನು ಕೇಳೋದು!"

"ಅಯ್ಯೋ ಬೀ ಹ್ವಾ ಅಕ್ಕ," ಓಂಗ್ ಹಲ್ಲು ಕಿರಿದ. "ಮಾರೋ ಯೋಚನೆ ಇದ್ರೆ ಮೊದಲು ನಂಗೇ ಒಂದು ಮಾತು ಹೇಳಬಾರದಿತ್ತಾ?"

ನನಗೆ ಮೈಯೆಲ್ಲ ಉರಿದುಹೋಯಿತು. "ವಾರದಿಂದ ಫೋನ್ ಮಾಡಿ ಮಾರ್ತೀರಾ ಮಾರ್ತೀರಾ ಅಂತ ಪ್ರಾಣ ತಿಂದವನು ನೀನು! ಬಾಯಿ ಮುಚ್ಕೋ!" ಎಂದು ರೇಗಿದೆ. ಆದರೆ ಹೇಗೆ ಲೆಕ್ಕ ಹಾಕಿದರೂ ಬೆರಳು ತಿರುಗುವುದು ನನ್ನ ಕಡೆಗೇ ಎಂದು ನನಗೂ ಗೊತ್ತಿತ್ತು.

ಭವನದ ನಿರ್ದೇಶಕ ಓಸ್ಮೋ ಕೈವೋಲಾ ಮಾತ್ರ ನನ್ನ ಮೇಲೆ ದನಿ ಎತ್ತಲಿಲ್ಲ. ಕಟ್ಟಡವೆಲ್ಲ ಹುಡುಕಿಸಿದ. ನಾವು ಮೂವರೂ ಕಪಾಟು, ಮಂಚದಡಿ, ಅಟ್ಟ ಎಲ್ಲ ಜಾಲಾಡಿದೆವು. ಹಿತ್ತಲಿನ ಸೌನಾ ಕೋಣೆಯನ್ನು ತಾನೇ ನೋಡಿ ಬಂದೆ ಎಂದ. ಕಾದ ಕಲ್ಲಿಗೆ ನೀರೆರಚಿ ಹಬೆಯಲ್ಲಿ ಬೇಯುವ ಆ ಕೋಣೆಯನ್ನು ಕಂಡರೆ ನನಗೆ ಇವತ್ತಿಗೂ ನಗು. ಪೆನಾಂಗ್‌ನ ಸೆಕೆ ಸಾಲದೆಂದು ಕಾಸು ಕೊಟ್ಟು ಸೆಕೆ ಮಾಡಿಕೊಳ್ಳುವ ಜನ ಇವರು! ಶನಿವಾರದ ಸ್ನಾನ ಮುಗಿದ ಮೇಲೆ ಕೊನೆಯ ಸೌಟು ನೀರನ್ನು ಮನೆ ಕಾಯುವ ಕುಳ್ಳ ದೇವರಿಗೆಂದು ಎರಚಿ ಬಾಗಿಲು ಹಾಕುತ್ತಾರೆ. ಮತ್ತೆ ಮುಂದಿನ ಶನಿವಾರದವರೆಗೆ ಯಾವ ಫಿನ್ನನೂ ಆ ಕಡೆ ತಲೆ ಹಾಕುವುದಿಲ್ಲ.

ಆಮೇಲೆ ಓಸ್ಮೋ ನನ್ನನ್ನು ತನ್ನ ಕೋಣೆಗೆ ಕರೆದು, ತಾನೇ ಕಾಫಿ ಬಗ್ಗಿಸಿ, ಏಲಕ್ಕಿ ಬನ್ನು ಮುಂದಿಟ್ಟ.

"ಪೊಲೀಸು ಗಿಲೀಸು ಬೇಡ, ಬೀ ಹ್ವಾ. ನೀನು ಇವತ್ತೇ ಕೆಲಸ ಬಿಟ್ಟುಬಿಡು. ಯಾರೂ ನಿನ್ನ ಏನೂ ಕೇಳದ ಹಾಗೆ ನಾನು ನೋಡ್ಕೋತೀನಿ."

"ನಾನು ತಗೊಂಡಿಲ್ಲ!"

"ನಂಗೆ ಗೊತ್ತು. ಆದ್ರೆ ಲೆಂಪಿಗೆ ಏನಾದ್ರೂ ಹೇಳ್ಬೇಕಲ್ಲ?"

ಅವನ ಒಳ್ಳೆಯತನಕ್ಕೆ ನನಗೆ ಅಳುವೇ ಬಂತು. ಕಾಫಿ ಕುಡಿದು, ಕಣ್ಣೊರೆಸಿಕೊಂಡು, ನೇರ ಮಹಡಿಗೆ ಹೋದೆ.

ಮಹಡಿಯ ಮೂಲೆಯ ಕೋಣೆಯಲ್ಲಿದ್ದವಳು ಹೆಲ್ಮಿ ಆಂಟಿ. ಫಿನ್‌ಲೆಂಡಿನ ಔಲು ಪಟ್ಟಣದಲ್ಲಿ ಮೂವತ್ತು ವರ್ಷ ಪೊಲೀಸ್ ತನಿಖೆ ಮಾಡಿ, ಮಂಡಿನೋವಿಗೆ ಬಿಸಿಲು ಒಳ್ಳೆಯದೆಂದು ನಮ್ಮಲ್ಲೇ ಬಾಡಿಗೆಗೆ ಉಳಿದವಳು. ಹೋದ ವರ್ಷ ಪ್ರದರ್ಶನದಿಂದ ಮಾಯವಾಗಿದ್ದ ಹೂದಾನಿಯನ್ನು ಊಟದ ಮೇಜಿನಿಂದ ಏಳದೆ ಪತ್ತೆ ಹಚ್ಚಿದ್ದಳು. ಈಗ ಉಣ್ಣೆಯ ಕಾಲುಚೀಲ ಹೆಣೆಯುತ್ತ ಕೂತಿದ್ದಳು.

"ಅಳು ಆಮೇಲೆ ಅಳುವಂತೆ, ಹುಡುಗಿ," ಎಂದಳು. ನನಗೆ ಐವತ್ತೆರಡು! "ನಿನ್ನೆ ಬೀಗ ಹಾಕ್ದಾಗ ಕಾಂತೆಲೆನ ಕಣ್ಣಾರೆ ನೋಡಿದ್ಯಾ?"

ಹಿಂದಿನ ಸಂಜೆಯನ್ನು ನೆನಪಿಸಿಕೊಂಡೆ. ತುಲಿಕ್ಕಿ ಅಭ್ಯಾಸ ಮುಗಿಸಿ, ವಾದ್ಯವನ್ನು ಒಳಗಿಟ್ಟು, ಬಟ್ಟೆ ಹೊದಿಸಿ, ಓಂಗ್‌ನ ಕಾರಿನಲ್ಲಿ ಹೋಟೆಲಿಗೆ ಹೊರಟಿದ್ದಳು. ಅವರಿಬ್ಬರನ್ನು ಗೇಟಿನ ತನಕ ಕಳಿಸಿ, ಅಡುಗೆಮನೆಯ ಕೆಲಸ ನೋಡಿಕೊಂಡು ಬಂದು ನಾನು ಬೀಗ ಹಾಕಿದ್ದೆ.

"ಬಟ್ಟೆ ಹೊದಿಸಿತ್ತು. ಕೆಳಗಿಂದ ಕೈ ಹಾಕಿ ಕೀಲಿ ತಿರುಗಿಸಿದೆ."

"ಹೂಂ. ತುಲಿಕ್ಕಿ ಏನಾದ್ರೂ ಗೊಣಗ್ತಿದ್ಲಾ?"

"ಬಿರಡೆ ಊದ್ಕೊಂಡಿದೆ, ಶ್ರುತಿ ನಿಲ್ತಿಲ್ಲ, ಒಳಗೆ ಬೂಷ್ಟಿನ ವಾಸನೆ ಬರ್ತಿದೆ, ಲೆಂಪಿ ಬಂದ್ರೆ ಹೇಳ್ತೀನಿ ಅಂತ ಓಸ್ಮೋ ಹತ್ರ ಕೂಗಾಡ್ತಿದ್ಲು. ಅದೇನು ಹೊಸದಲ್ಲ, ಅವಳು ಎಲ್ಲದಕ್ಕೂ ಕೂಗಾಡ್ತಾಳೆ."

"ತೇವ ಹೀರೋ ಮಿಷನ್ನು ಓಡ್ತಿತ್ತಾ?"

ಅಯ್ಯೋ, ಹೌದಲ್ಲ! ಹಗಲೂ ರಾತ್ರಿ ಗುರುಗುಡುತ್ತಿದ್ದ ಆ ಯಂತ್ರದ ಸದ್ದಿಲ್ಲದ್ದಕ್ಕೇ ಬೆಳಿಗ್ಗೆ ನನಗೆ ಹಲ್ಲಿಯ ದನಿ ಕೇಳಿಸಿದ್ದು. ಸೋದರಸೊಸೆಯ ಮದುವೆಗೆಂದು ನಾನು ವಾರವೆಲ್ಲ ಇಪೋ ಪಟ್ಟಣಕ್ಕೆ ಹೋಗಿ ಶನಿವಾರವಷ್ಟೇ ಮರಳಿದ್ದೆ. ಅದು ಯಾವಾಗ ನಿಂತಿತೋ ನನಗೆ ಗೊತ್ತಿರಲಿಲ್ಲ.

"ಓಸ್ಮೋ ನಿನ್ನೆ ಸಂಜೆ ಏನು ಮಾಡ್ತಿದ್ದನಂತೆ?"

"ಸೌನಾದಲ್ಲಿ ಇದ್ನಂತೆ. ಎರಡು ಬಕೆಟ್ ನೀರು ಖಾಲಿ ಮಾಡಿದೆ, ಮೈ ಹಗುರಾಯ್ತು ಅಂದ. ಆಂಟಿ, ಅವನ್ನ ಯಾಕೆ ಕೇಳ್ತೀರಿ? ಪಾಪ, ಅವನೊಬ್ಬನೇ ನನ್ನ ಪರ ಇರೋದು."

ಹೆಲ್ಮಿ ಆಂಟಿ ಹೆಣಿಗೆಯನ್ನು ಚೀಲಕ್ಕೆ ತುರುಕಿ ಹೆಗಲಿಗೆ ಹಾಕಿಕೊಂಡಳು. ಕೋಲೂರಿಕೊಂಡು ಇಳಿದು ಹಿತ್ತಲಿಗೆ ಹೋಗಿ, ಸೌನಾದ ಬಾಗಿಲನ್ನೇ ತೆಗೆದಳು. ಶನಿವಾರವಲ್ಲದ ದಿನ! ನಾನು ಗಾಬರಿಯಿಂದ ಅತ್ತಿತ್ತ ನೋಡಿದೆ. ಸ್ವಲ್ಪ ಹೊತ್ತಿಗೆ ಕೈಯಲ್ಲಿ ಮರದ ಬಕೆಟ್ ಹಿಡಿದು ಹೊರಬಂದಳು. ಮುಖ ಗಂಟಿಕ್ಕಿತ್ತು.

"ಲೆಂಪಿ ಬಂದ ತಕ್ಷಣ ಎಲ್ಲರೂ ಹಾಲ್‌ನಲ್ಲಿ ಇರ್ಬೇಕು. ಒಂದು ಚೊಂಬು ನೀರು ತಂದಿಡು."

ಮುಂದಿನ ಆ ಕೆಲವು ಗಂಟೆ ನನಗೆ ಮುಳ್ಳಿನ ಮೇಲೆ ಕೂತ ಹಾಗಿತ್ತು. ಹದಿನೆಂಟು ವರ್ಷ ಗಳಿಸಿದ ಹೆಸರು ಒಂದು ಬಕೆಟ್ಟಿನಿಂದ ಉಳಿಯುವುದುಂಟೇ?

ಸಂಜೆ ಎಲ್ಲರೂ ಕೂತರು. ಲೆಂಪಿ ಮುಸ್ತೋಲಾ ಚಿಕ್ಕ ಮೈಕಟ್ಟಿನ ಮುದುಕಿ. ಖಾಲಿ ಪೆಟ್ಟಿಗೆಯನ್ನು ನೋಡಿ ತುಟಿ ಬಿಗಿಹಿಡಿದಳೇ ಹೊರತು ಮಾತಾಡಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

ಹೆಲ್ಮಿ ಆಂಟಿ ಬಕೆಟ್ಟನ್ನು ಮೇಜಿನ ಮೇಲಿಟ್ಟು, ಚೊಂಬಿನ ನೀರನ್ನು ಅದಕ್ಕೆ ಸುರಿದಳು. ಹಲಗೆಗಳ ಸಂದಿಯಿಂದ ನೀರು ಜಿನುಗಿತು, ಆಮೇಲೆ ಧಾರೆಯಾಯಿತು, ಮೇಜಿನಿಂದ ಇಳಿದು ಓಂಗ್‌ನ ಕಾಲುಚೀಲ ನೆನೆಸಿತು.

"ಥೂ! ತೂತು ಬಕೆಟ್ಟು ತೋರಿಸೋಕೆ ಕರೆದ್ರಾ?" ಎಂದು ಅವನು ಕಾಲು ಮೇಲೆತ್ತಿದ.

ತುಲಿಕ್ಕಿ ಮಾತ್ರ ಬೆಚ್ಚಿಬಿದ್ದಿದ್ದಳು. ಅವಳು ನೋಡುತ್ತಿದ್ದದ್ದು ಓಸ್ಮೋನನ್ನು.

"ಇದು ಸೌನಾದ ಬಕೆಟ್ಟು," ಎಂದಳು ಹೆಲ್ಮಿ ಆಂಟಿ. "ಈ ಊರಲ್ಲಿ ಚಪ್ಪಲಿಗೂ ಬೂಷ್ಟು ಹಿಡಿಯುತ್ತೆ. ಇಲ್ಲಿ ಮರ ತಾನಾಗಿ ಒಣಗಿ ಹಲಗೆ ಸಂದಿ ಬಿಡಲ್ಲ. ಓಸ್ಮೋ ಹೇಳಿದ ಹಾಗೆ ನಿನ್ನೆ ಇದಕ್ಕೆ ಎರಡು ಸಲ ನೀರು ತುಂಬಿದ್ರೆ ಮರ ಊದಿ ಸಂದಿ ಮುಚ್ಕೊಂಡು ಇವತ್ತು ಒಂದು ಹನಿನೂ ಸೋರ್ತಿರಲಿಲ್ಲ. ಅಂದ್ರೆ ನಿನ್ನೆ ಒಲೆ ಗಂಟೆಗಟ್ಲೆ ಉರಿದಿದೆ, ಬಕೆಟ್ಟು ಖಾಲಿ ಕೂತು ಸೀದಿದೆ. ಕಲ್ಲಿಗೆ ಒಂದು ಸೌಟು ನೀರೂ ಬಿದ್ದಿಲ್ಲ. ನೀರೆರಚದೆ ಸೌನಾದಲ್ಲಿ ಕೂರೋ ಫಿನ್ನನ್ನ ಯಾರಾದ್ರೂ ಕಂಡಿದ್ದೀರಾ?"

"ಇಲ್ಲ," ಎಂದಳು ಲೆಂಪಿ. ಅವಳು ಆಡಿದ ಮೊದಲ ಮಾತು ಅದು.

"ಹಾಗಾದ್ರೆ ಒಳಗಿದ್ದದ್ದು ಓಸ್ಮೋ ಅಲ್ಲ. ನೀರು ತಾಗಬಾರದ ವಸ್ತು. ನಮ್ಮ ಅಜ್ಜಿಯರು ನಾರು, ಧಾನ್ಯ, ಮಾಂಸ ಎಲ್ಲಾನೂ ಸೌನಾದಲ್ಲೇ ಒಣಗಿಸ್ತಿದ್ರು. ಗಾಬರಿಬಿದ್ದ ಫಿನ್ನನಿಗೆ ಮೊದಲು ನೆನಪಾಗೋದು ಅದೇ." ಅವಳು ಲೆಂಪಿಯ ಕಡೆ ತಿರುಗಿದಳು. "ತೇವ ಹೀರೋ ಮಿಷನ್ನು ನಿಲ್ಲಿಸಬಾರದು ಅನ್ನೋದು ನಿಮ್ಮ ಷರತ್ತು. ವಾರದ ಮಧ್ಯೆ ಇಲ್ಲಿ ಕವಿತೆ ಓದೋ ಕಾರ್ಯಕ್ರಮ ಇತ್ತು. ಸದ್ದು ತೊಂದರೆ ಅಂತ ಓಸ್ಮೋ ಅದನ್ನ ನಿಲ್ಲಿಸಿದ್ದು ನಾನೇ ನೋಡಿದೆ. ಮತ್ತೆ ಹಾಕೋದು ಮರೆತ. ಬೀ ಹ್ವಾ ಊರಲ್ಲಿದ್ದಿದ್ರೆ ಅವತ್ತೇ ಹಾಕಿಸ್ತಿದ್ಲು. ನಿನ್ನೆ ತುಲಿಕ್ಕಿ ಬೂಷ್ಟು ಅಂತ ಕೂಗಾಡಿ ಹೋದ್ಲು, ಓಂಗ್ ಅವಳ ಜೊತೇಲೇ ಹೋದ, ಬೀ ಹ್ವಾ ಗೇಟಿನ ಹತ್ರ ಇದ್ಲು. ಹಾಲ್‌ನಲ್ಲಿ ಉಳಿದವನು ಒಬ್ಬನೇ. ಕಾಂತೆಲೆ ತೆಗೆದು ಬಟ್ಟೆ ಹಾಗೇ ಹೊದಿಸಿದ. ಈ ಹುಡುಗಿ ಬೀಗ ಹಾಕಿದ್ದು ಖಾಲಿ ಪೆಟ್ಟಿಗೆಗೆ. ಕೀಲಿ ಕದಿಯೋ ಅಗತ್ಯಾನೇ ಇರ್ಲಿಲ್ಲ."

ಓಸ್ಮೋನ ಮುಖದಲ್ಲಿ ರಕ್ತವಿರಲಿಲ್ಲ.

"ಸ್ವಲ್ಪ ಬೆಚ್ಚಗೆ ಮಾಡಿದ್ರೆ ಸರಿಹೋಗುತ್ತೆ ಅಂದ್ಕೊಂಡೆ," ಎಂದ. "ಒಳಗೆ ಟಪ್ ಅಂತ ಸದ್ದಾಯ್ತು. ಓಡಿಹೋಗಿ ನೋಡಿದ್ರೆ ಸೀಳುಬಿಟ್ಟಿತ್ತು. ಗುಟ್ಟಾಗಿ ರಿಪೇರಿ ಮಾಡಿಸಿ, ಎಲ್ಲೋ ಸಿಕ್ತು ಅಂತ ಹೇಳೋಣ ಅಂತಿದ್ದೆ."

"ಅಲ್ಲೀತನಕ ಬೀ ಹ್ವಾ?" ಹೆಲ್ಮಿ ಆಂಟಿ ಕೇಳಿದಳು.

ಅವನು ತಲೆ ತಗ್ಗಿಸಿದ. ಬೆಳಿಗ್ಗೆ ಅವನು ಕೊಟ್ಟ ಕಾಫಿ ಕುಡಿದು, ಅವನ ಒಳ್ಳೆಯತನಕ್ಕೆ ಅತ್ತಿದ್ದೆನಲ್ಲ! ತುಲಿಕ್ಕಿಯ ಕೂಗಾಟ, ಓಂಗ್‌ನ ಚುಚ್ಚುಮಾತು ಒಂದೂ ನನಗೆ ಇಷ್ಟು ನೋವು ಕೊಟ್ಟಿರಲಿಲ್ಲ.

ಹೆಲ್ಮಿ ಆಂಟಿ ತನ್ನ ಹೆಣಿಗೆಯ ಚೀಲದಿಂದ ಟವೆಲ್ ಸುತ್ತಿದ ಗಂಟನ್ನು ತೆಗೆದು ಲೆಂಪಿಯ ಮಡಿಲಲ್ಲಿಟ್ಟಳು. "ಸೌನಾದ ಕೆಳಗಿನ ಹಲಗೆಯ ಹಿಂದೆ ಇತ್ತು. ಶನಿವಾರದ ತನಕ ಯಾರೂ ಬರಲ್ಲ ಅನ್ನೋ ಧೈರ್ಯ."

ಕಾಂತೆಲೆಯ ಮೈಯುದ್ದಕ್ಕೂ ಸೀಳು ಓಡಿತ್ತು. ಲೆಂಪಿ ಅದನ್ನು ಬೆರಳಲ್ಲಿ ಸವರಿ, ತಿರುಗಿಸಿ ಬೆನ್ನು ತೋರಿಸಿದಳು. ಅಲ್ಲಿ ಇನ್ನೊಂದು ಸೀಳು, ಹಳೆಯದು, ಕಪ್ಪು ಅಂಟು ತುಂಬಿ ನಯವಾಗಿತ್ತು.

"ಇದು ನಮ್ಮಜ್ಜನ ಕೆಲಸ," ಎಂದಳು. "ಒದ್ದೆಯಾಯ್ತು ಅಂತ ಅವನೂ ಸೌನಾಗೆ ಹಾಕಿದ್ದ. ಅಜ್ಜಿ ವರ್ಷವೆಲ್ಲ ಬೈದಳಂತೆ, ಆಮೇಲೆ ಕೂತು ಅಂಟಿಸಿದಳಂತೆ. ನೀನು ಫೋನ್ ಮಾಡಿ ಹೇಳಿದ್ರೆ ನಾನು ನಕ್ಕುಬಿಡ್ತಿದ್ದೆ ಓಸ್ಮೋ. ಮರದ ಸೀಳು ಅಂಟುತ್ತೆ. ಈ ಹೆಂಗಸಿಗೆ ನೀನು ಮಾಡಿದ್ದನ್ನ ಯಾವ ಅಂಟಿನಲ್ಲಿ ಅಂಟಿಸ್ತೀಯ?"

ಓಂಗ್ ಕೂಡ ತನ್ನ ಒದ್ದೆ ಕಾಲುಚೀಲ ಮರೆತಿದ್ದ.

ಅವತ್ತು ಬಂದ ಜನರ ಮುಂದೆ ಲೆಂಪಿ ಸೀಳಿದ ಕಾಂತೆಲೆಯನ್ನೇ ತೋರಿಸಿ ಎರಡೂ ಸೀಳುಗಳ ಕತೆ ಹೇಳಿದಳು. ತುಲಿಕ್ಕಿ ತನ್ನ ಸ್ವಂತ ವಾದ್ಯ ನುಡಿಸಿದಳು. ಮುಗಿದ ಮೇಲೆ ನನ್ನ ಹತ್ತಿರ ಬಂದು, ಕ್ಷಮೆ ಕೇಳಲು ಬಾರದೆ, ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದು ಹೋದಳು.

"ಇವತ್ತು ಬೀಗ ಯಾರು ಹಾಕೋದು?" ಎಂದಳು ಲೆಂಪಿ.

"ದಿನಾ ಹಾಕೋಳೇ," ಎಂದಳು ಹೆಲ್ಮಿ ಆಂಟಿ.

ನಾನು ಕಾಂತೆಲೆಯನ್ನು ಮಖಮಲ್ಲಿನ ಮೇಲೆ ಮಲಗಿಸಿದೆ. ಓಸ್ಮೋ ಸದ್ದಿಲ್ಲದೆ ಬಂದು ನನ್ನ ಪಕ್ಕದ ಮೇಜಿನ ಮೇಲೆ ಒಂದು ಬಟ್ಟಲು ಕಾಫಿ ಇಟ್ಟ. ನಾನು ಕೀಲಿ ತಿರುಗಿಸಿದೆ, ಬಟ್ಟೆ ಹೊದಿಸಿದೆ, ಮತ್ತೆ ಬಟ್ಟೆ ಎತ್ತಿ ಒಳಗೆ ನೋಡಿದೆ. ಇತ್ತು. ಕಾಫಿಯನ್ನು ಅಲ್ಲೇ ಆರಲು ಬಿಟ್ಟು ಮನೆಗೆ ಹೋದೆ.