ಖಣದಲ್ಲಿ ಸುತ್ತಿದ ಪಾಸ್‌ಪೋರ್ಟ್

2024ರ ಆಗಸ್ಟ್ 21, ಬುಧವಾರ ಬೆಳಿಗ್ಗೆ 9.10ಕ್ಕೆ ಹಿರೇಹಂದಿಗೋಳದ ಸುಮಿತ್ರವ್ವ ಮಗಳೊಂದಿಗೆ ಗದಗ ಗ್ರಾಮೀಣ ಠಾಣೆಗೆ ಬಂದಳು. ಬಾಗಿಲಲ್ಲೇ ಅವಳಿಗೆ ಅಳು ಒತ್ತರಿಸಿತು. ಮಗಳು ನೇತ್ರಾ ಅಳಲಿಲ್ಲ. ದೂರು ಅರ್ಜಿಯನ್ನು ಪಿಎಸ್‌ಐ ಕಳಕೇಶನ ಮೇಜಿನ ಮೇಲಿಟ್ಟಳು. ಅವಳ ಪಾಸ್‌ಪೋರ್ಟ್ ಕಳುವಾಗಿತ್ತು.

ಕೆನಡಾದಲ್ಲಿ ಕಡಲೆ ತಳಿಗಳ ಬಗ್ಗೆ ಓದುತ್ತಿದ್ದ ಹುಡುಗಿ ರಜೆಗೆಂದು ಊರಿಗೆ ಬಂದಿದ್ದಳು. ಶನಿವಾರ ನಸುಕಿನಲ್ಲಿ ಬೆಂಗಳೂರಿನಿಂದ ವಿಮಾನ. ಸೋಮವಾರ ಹಾಜರಾಗದಿದ್ದರೆ ಪ್ರಯೋಗಾಲಯದ ಜಾಗ ಬೇರೊಬ್ಬರ ಪಾಲಾಗುತ್ತಿತ್ತು.

"ಹೊಸಾದು ಮಾಡಿಸಾಕ ಬರೂದಿಲ್ಲೇನು?"

"ಪಾಸ್‌ಪೋರ್ಟ್ ಆದೀತ್ರಿ ಸರ್. ವೀಸಾ ಮತ್ತ ಹಚ್ಚಿಸಿಕೋಬೇಕು. ತಿಂಗಳಾದ್ರೂ ಹಿಡಿತೈತಿ."

9.50ಕ್ಕೆ ವಾಸದ ಮನೆಯಲ್ಲಿನ ಕಳವು ಎಂದು ಎಫ್‌ಐಆರ್ ದಾಖಲಾಯಿತು. 11.30ಕ್ಕೆ ಹಿರೇಹಂದಿಗೋಳದ ಮನೆಯಲ್ಲಿ ಪಂಚನಾಮೆ. ಹಿಂದಿನ ದಿನ ಮಧ್ಯಾಹ್ನ ನೇತ್ರಾಳಿಗೆ ಉಡಿ ತುಂಬಿದ್ದರು, ಇಪ್ಪತ್ತೆರಡು ಹೆಂಗಸರು ಬಂದಿದ್ದರು. ಟ್ರಂಕಿನ ಬಂಗಾರ ಇದ್ದಂತೆಯೇ ಇತ್ತು. ದೇವರ ಜಗಲಿಯ ಮೇಲಿಂದ, ಕುಬಸದ ಖಣದಲ್ಲಿ ಸುತ್ತಿಟ್ಟ ಪಾಸ್‌ಪೋರ್ಟಿನ ಗಂಟು ಮಾತ್ರ ಹೋಗಿತ್ತು.

"ಪಾಸ್‌ಪೋರ್ಟ್ ಜಗಲಿ ಮ್ಯಾಲೆ ಯಾಕಿತ್ತು ಯವ್ವಾ?" ಕಾನ್‌ಸ್ಟೇಬಲ್ ಜಾಸ್ಮಿನ ಕೇಳಿದಳು.

"ಅರಿಷಿಣ ಕುಂಕುಮ ಹಚ್ಚಿ ಪೂಜಿ ಮಾಡಿದ್ವಿ. ಟ್ರ್ಯಾಕ್ಟರಿಗೆ ಮಾಡ್ತೀವಿ, ಹೊಸಾ ಮಿಕ್ಸರಿಗೆ ಮಾಡ್ತೀವಿ. ಸಮುದ್ರ ದಾಟಿಸೂದಕ್ಕ ಮಾಡಬಾರದೇನವಾ?"

ಪಂಚನಾಮೆ ಬರೆಯುವಷ್ಟು ಹೊತ್ತು ಕಳಕೇಶ ನೇತ್ರಾಳ ಮೊಬೈಲಿನಲ್ಲಿ ಕೆನಡಾದ ಚಿತ್ರವೊಂದನ್ನು ನೋಡಿದ. ಒಂದು ಅಡುಗೆಮನೆಯ ಉದ್ದನೆಯ ಮೇಜು. ನೈಜೀರಿಯಾದ ಹುಡುಗಿಯೊಬ್ಬಳು ಖಡಕ್ ರೊಟ್ಟಿ ಮುರಿಯುತ್ತಿದ್ದಳು. ಪಕ್ಕದಲ್ಲಿ ಇರಾನಿನವಳು, ಫಿಲಿಪೀನ್ಸಿನವಳು, ನಡುವೆ ನೇತ್ರಾ.

"ಮೊದಲನೇ ಚಳಿಗಾಲದಾಗ ದಿನಾ ಅಳ್ತಿದ್ನಿ ಸರ್. ಪಾಠ ಒಂದೂ ತಿಳೀತಿದ್ದಿಲ್ಲ. ಈಗ ಹೊಸದಾಗಿ ಬಂದವ್ರಿಗೆ ಯಾವ ಬಸ್ ಹತ್ತಬೇಕು ಅಂತ ನಾನ ತೋರಿಸ್ತೀನಿ."

ಮುಂಡರಗಿ ಕಡೆಯ ಕಳಕೇಶ ತರಬೇತಿಗೆ ಮೈಸೂರಿಗೆ ಹೋದಾಗ, ತನ್ನ ಮಾತಿಗೆ ಜೊತೆಯವರು ನಕ್ಕರೆಂದು ವಾರಗಟ್ಟಲೆ ಬಾಯಿ ಬಿಟ್ಟಿರಲಿಲ್ಲ. ಈ ಹುಡುಗಿ ಏಳು ಸಮುದ್ರದಾಚೆ ಪರದೇಶದವರಿಗೆ ದಾರಿ ತೋರಿಸುತ್ತಿದ್ದಳು. ಅವನು ಮೊಬೈಲನ್ನು ಎರಡೂ ಕೈಯಿಂದ ಹಿಂದಿರುಗಿಸಿದ.

"ಗಂಟಿನ್ಯಾಗ ಪಾಸ್‌ಪೋರ್ಟ್ ಐತಿ ಅಂತ ಯಾರಿಗೆ ಗೊತ್ತಿತ್ತು?"

"ಯಾರಿಗೂ ಇಲ್ರಿ ಸಾಹೇಬ್ರ," ಎಂದಳು ಸುಮಿತ್ರವ್ವ. "ದೃಷ್ಟಿ ಆದೀತು ಅಂತ ಖಣದಾಗ ಸುತ್ತಿ ಇಟ್ಟಿದ್ನಿ."

"ಯಾರಿಗೂ?"

"ಅಂಕಿತಾಗ ಒಬ್ಬಾಕಿಗೆ ಬಿಚ್ಚಿ ತೋರಿಸಿದ್ನಿ. ಆಕಿ ಹೊರಗಿನಾಕಿ ಅಲ್ಲ ಬಿಡ್ರಿ."

ಅಂಕಿತಾ ಲಕ್ಷ್ಮೇಶ್ವರದಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನಡೆಸುವವಳು. ನೇತ್ರಾಳ ಅರ್ಜಿ ತುಂಬಿದವಳೂ ಅವಳೇ.

"ಸರ್, ಆಕಿ ಮನಿಗೆ ಹೋಗಬ್ಯಾಡ್ರಿ," ನೇತ್ರಾ ಬಾಗಿಲಿಗೆ ಅಡ್ಡ ನಿಂತಳು. "ಆಕಿ ಇಲ್ಲಂದ್ರ ನಾ ಗದಗನೂ ದಾಟ್ತಿದ್ದಿಲ್ಲ."

ಉಡಿ ತುಂಬಲು ಬಂದಿದ್ದ ಉಳಿದ ಹೆಂಗಸರ ಹೇಳಿಕೆ ಪಡೆಯುವುದರಲ್ಲಿ ಬುಧವಾರ ಕಳೆಯಿತು. ಗುರುವಾರ ಬೆಳಿಗ್ಗೆ ಲಕ್ಷ್ಮೇಶ್ವರದ ದಾರಿಯಲ್ಲಿ ಜಾಸ್ಮಿನ ಅಂದಳು, "ಇಷ್ಟೊತ್ತಿಗೆ ಸುಟ್ಟು ಬೂದಿ ಮಾಡಿರ್ತಾಳ್ರಿ ಸರ್."

"ಕುಂಕುಮ ಹಚ್ಚಿದ್ದನ್ನ ಸುಡಾಕ ಕೈ ಬರೂದಿಲ್ಲ. ನನ್ನ ನೇಮಕಾತಿ ಪತ್ರಕ್ಕ ನಮ್ಮವ್ವ ಪೂಜಿ ಮಾಡಿದ್ಲು. ಹದಿನಾಲ್ಕು ವರ್ಷ ಆತು, ಝೆರಾಕ್ಸ್ ಮಾಡಿಸಾಕೂ ಇಳಿಸಿಕೊಟ್ಟಿಲ್ಲ. ಕಪಾಟು, ಟ್ರಂಕು ಬಿಡು. ಸೀದಾ ಜಗಲಿ ನೋಡು."

7.20ಕ್ಕೆ ಅಂಕಿತಾಳ ಮನೆಯಲ್ಲಿ ಇಬ್ಬರು ಪಂಚರ ಸಮಕ್ಷಮ ಶೋಧನೆ ನಡೆಯಿತು. ಜಗಲಿಯ ಮೇಲೆ, ದೀಪದ ಹಿಂದೆ, ಹಸಿರು ಖಣದ ಗಂಟು. ಬಿಚ್ಚಿದರೆ ಒಳಗೆ ಎರಡು ಪಾಸ್‌ಪೋರ್ಟ್. ಎರಡಕ್ಕೂ ಕುಂಕುಮ ಹಚ್ಚಿತ್ತು.

"ಇನ್ನೊಂದು ಯಾರ್ದು?"

"ನಂದ್ರಿ," ಎಂದಳು ಅಂಕಿತಾ. ಅದರ ಹಾಳೆಗಳೆಲ್ಲ ಖಾಲಿಯಿದ್ದವು.

7.55ಕ್ಕೆ ದಸ್ತಗಿರಿ. ಅವಳು ಅಂಗಡಿಯ ಕೀಲಿಯನ್ನು ನೆರೆಮನೆಯ ಅಮೃತವ್ವನ ಕೈಗಿತ್ತು, "ಇಬ್ಬರು ಹುಡುಗ್ರು ಅರ್ಜಿ ತುಂಬಾಕ ಬರ್ತಾರ, ನಾಳೆ ಬರ್ರಿ ಅನ್ನು," ಎಂದು ಹೇಳಿ ಜೀಪು ಹತ್ತಿದಳು.

ಸಿಕ್ಕ ಮಾಲು ಈಗ ನ್ಯಾಯಾಲಯದ ಸ್ವತ್ತು. ಆದೇಶವಿಲ್ಲದೆ ನೇತ್ರಾಳಿಗೆ ಕೊಡುವಂತಿರಲಿಲ್ಲ. 10.30ಕ್ಕೆ ಠಾಣೆಯಲ್ಲಿ ಬಿಡುಗಡೆಯ ಅರ್ಜಿ ಸಿದ್ಧವಾಗುತ್ತಿತ್ತು.

"ಪಾಸ್‌ಪೋರ್ಟ್ ನಂಬರ್ ಹೇಳವಾ," ಎಂದ ಕಳಕೇಶ.

ನೇತ್ರಾ ಮೊಬೈಲಿನಲ್ಲಿ ಹುಡುಕತೊಡಗಿದಳು. ಗೋಡೆ ಪಕ್ಕದ ಬೆಂಚಿನಿಂದ ಅಂಕಿತಾ ಒಂದು ಅಕ್ಷರ, ಏಳು ಅಂಕಿ, ಎಲ್ಲವನ್ನೂ ತಡವರಿಸದೆ ಹೇಳಿದಳು. ಅವಧಿ ಮುಗಿಯುವ ದಿನಾಂಕವನ್ನೂ ಹೇಳಿದಳು. ಕಳಕೇಶ ಜಪ್ತಿ ಪಟ್ಟಿಗೆ ತಾಳೆ ನೋಡಿದ. ಒಂದಂಕಿಯೂ ತಪ್ಪಿರಲಿಲ್ಲ.

"ನನ್ನ ಯಾಕ ಕೇಳಲಿಲ್ಲ ಅಕ್ಕಾ?" ನೇತ್ರಾ ಎದ್ದು ಹೋಗಿ ಅವಳ ಪಕ್ಕ ಕುಳಿತಳು.

"ಏನಂತ ಕೇಳ್ಲಿ?"

ಶುಕ್ರವಾರ ಬೆಳಿಗ್ಗೆ 11.15ಕ್ಕೆ ನ್ಯಾಯಾಲಯ ಪಾಸ್‌ಪೋರ್ಟ್ ಬಿಡುಗಡೆ ಮಾಡಿತು. ಜಾಮೀನಿಗೆ ತನ್ನ ತಕರಾರಿಲ್ಲವೆಂದು ನೇತ್ರಾ ತಾನೇ ನಿಂತು ಹೇಳಿದಳು. ಸಂಜೆಯೊಳಗೆ ಅಂಕಿತಾ ಹೊರಬರುವಳೆಂದು ಖಾತ್ರಿಯಾದ ಮೇಲೆಯೇ, ಹನ್ನೆರಡರ ಸುಮಾರಿಗೆ, ನೇತ್ರಾ ಬೆಂಗಳೂರಿನ ಗಾಡಿ ಹತ್ತಿದ್ದು.

ಮಧ್ಯಾಹ್ನ ಜಾಸ್ಮಿನ ಕಡತ ಹಿಡಿದು ಬಂದಳು. "ಕಾರಣ ಏನಂತ ಬರೀಲ್ರಿ ಸರ್? ಹೊಟ್ಟಿಕಿಚ್ಚು?"

ಕಳಕೇಶ ಅವಳನ್ನು ತಡೆದು ಹೇಳಿದ: "ಹನ್ನೊಂದು ಮಂದಿನ್ನ ಹೊರದೇಶಕ್ಕ ಕಳಿಸ್ಯಾಳ. ಹೊಟ್ಟಿಕಿಚ್ಚಿನಾಕಿ ಆಗಿದ್ರ ಒಬ್ಬರದಾದ್ರೂ ಅರ್ಜಿ ತಪ್ಪು ತುಂಬ್ತಿದ್ಲು. ಆಕಿ ಹೇಳಿದ್ದನ್ನ ಹೇಳಿದಂಗ ಬರಿ."

ಜಾಸ್ಮಿನ ಬರೆದಳು: 'ಓದು ಬಿಟ್ಟು ಭಾಳ ವರ್ಷ ಆತು ಅಂತ ನನಗ ಮೂರು ಸಲ ವೀಸಾ ಕೊಡಲಿಲ್ಲ. ಹೋಗಿ ಬಂದ ಪಾಸ್‌ಪೋರ್ಟಿನ ಜೋಡಿ ನಂದೂ ಒಂದು ದಿನ ಇರಲಿ, ಅದರ ಗುಣ ಇದಕ್ಕ ಹತ್ತಲಿ ಅಂತ ತಂದಿದ್ದೆ. ಮರುದಿನ ಕೊಡಾಕ ಹೊಂಟಾಗ ಪೊಲೀಸ್ರು ಬಂದಾರಂತ ಖಬರ ಬಂತು. ಅಂಜಿದೆ.'