ಮೂರು ನಿಮಿಷದ ಗಂಟೆ

"ಮೂರು ನಿಮಿಷ ಆದ್ಮೇಲೆ ಒಂದ್ಸಲ ಉಸಿರು ತಗೊಂಡು ಗಂಟೆ ಹೊಡಿ, ಪ್ಲೀಸ್," ಎಂದಳು ಪ್ರಣತಿ, ನನ್ನ ಕಾಫಿಯ ನೊರೆಯನ್ನು ತನ್ನ ಚಮಚದಲ್ಲಿ ಕದಿಯುತ್ತಾ.

"ಆಗುವುದಿಲ್ಲ ಮಾರಾಯ್ತಿ. ರೂಲ್ಸ್ ಅಂದರೆ ರೂಲ್ಸ್."

"ನಿನ್ನ ಕನ್ನಡಾನೂ ರೂಲ್ಸ್ ಪ್ರಕಾರಾನೇ ಇದೆ, ಲೆಸ್ಟರ್." ಕಣ್ಣು ಕಿರಿದು ಮಾಡಿ ನಕ್ಕಳು. ಆ ನಗುವಿಗೆ ನಾನು ಬಿದ್ದು ಎರಡು ವರ್ಷವಾಗಿತ್ತು. ಹೇಳುವ ಧೈರ್ಯ ಬಂದಿರಲಿಲ್ಲ.

ಪರ್ತ್‌ನ ನಮ್ಮ ಭಾಗದ ಕೌನ್ಸಿಲ್‌ನಲ್ಲಿ ಅಂದರೆ ನಗರಸಭೆಯಲ್ಲಿ, ಕರಾವಳಿಯಿಂದ ಬಂದ ನಾನು ಸಭೆಯ ಗುಮಾಸ್ತ. ಜನ ಎದ್ದು ನಿಂತು ಹೆಸರು, ಏರಿಯಾ ಹೇಳಿ ಮಾತು ಶುರುಮಾಡುತ್ತಾರೆ. ಮೂರು ನಿಮಿಷಕ್ಕೆ ನಾನು ಗಂಟೆ ಹೊಡೆಯುತ್ತೇನೆ.

ಪ್ರಣತಿ ಮೈಸೂರಿನಿಂದ ನರ್ಸಿಂಗ್ ಓದಲು ಬಂದವಳು. ಒಂದೊಂದು ಮನೆಯಲ್ಲಿ ಎಂಟೆಂಟು ಜನ ಬಾಡಿಗೆಗಿರುವ ಅವಳಂಥವರಿಗೆ ಇಲ್ಲಿ ಓಟಿಲ್ಲ. ಆದರೆ ಅವರ ಮನೆ, ಪಾರ್ಕು, ಲೈಬ್ರರಿಯ ಬಗೆಗಿನ ನಿರ್ಧಾರಗಳನ್ನು ಕೌನ್ಸಿಲ್ ಅವರನ್ನು ಕೇಳದೆಯೇ ಮಾಡುತ್ತದೆ. ಕೌನ್ಸಿಲ್ಲಿನ ಸಮಿತಿಯಲ್ಲಿ ವಿದ್ಯಾರ್ಥಿಗಳಿಗೆ ಎರಡು ಕುರ್ಚಿ ಕೊಡಿ ಎಂದು ಅವಳು ಎರಡು ವರ್ಷ ಮನೆಮನೆ ಅಲೆದು ಸಹಿ ಹಾಕಿಸಿದ್ದಳು. ಈ ಸಲವೂ ಆಗದಿದ್ದರೆ ಬ್ರಿಸ್ಬೇನ್‌ಗೆ ಹೊರಟುಬಿಡುತ್ತೇನೆ ಎಂದಿದ್ದಳು. ಅಲ್ಲಿನ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು, ಇಂಡೂರೂಪಿಲ್ಲಿ ಬಡಾವಣೆಯಲ್ಲಿ ರೂಮೂ ಸಿಕ್ಕಿತ್ತು.

ಆ ಸಂಜೆ ಅವಳು ಎದ್ದು ನಿಂತಳು. "ನನ್ನ ಹೆಸರು ಪ್ರಣತಿ. ಕ್ಯಾನಿಂಗ್ಟನ್."

ನಾವಿಬ್ಬರೂ ಒಟ್ಟಿಗೆ ಕಾಫಿ ಕುಡಿಯುವುದು ಸದಸ್ಯರಿಗೆಲ್ಲ ಗೊತ್ತು. ಪಕ್ಷಪಾತ ಎಂದು ಯಾರಾದರೂ ಅಂದರೆ ಅವಳ ಕೆಲಸವೇ ಕೆಡುತ್ತದೆಂದು ಹೆದರಿದೆ. ಉಳಿದವರಿಗೆ ವಾಕ್ಯ ಮುಗಿಸಲು ಬಿಡುವ ನಾನು ಅವಳಿಗೆ ಮಾತ್ರ ಸರಿಯಾಗಿ ಮೂರಕ್ಕೆ ಹೊಡೆದೆ.

"ನಾವು ಕೇಳುತ್ತಿರುವುದು ಇಷ್ಟೇ..."

ಮಾತು ಅಲ್ಲಿಗೇ ನಿಂತಿತು. ಅವಳು ನನ್ನತ್ತ ಒಮ್ಮೆ ನೋಡಿದಳು. ನಾನು ತಲೆ ಎತ್ತಲಿಲ್ಲ. ನಿರ್ಣಯ ಒಂದೇ ಒಂದು ಓಟಿನಿಂದ ಬಿದ್ದುಹೋಯಿತು.

ಸಭೆ ಮುಗಿದದ್ದೇ ಬಸ್‌ಸ್ಟಾಪಿಗೆ ಓಡಿದೆ. ಅವಳ ಮೂಗು ಕೆಂಪಾಗಿತ್ತು.

"ಎಲ್ರಿಗೂ ಹತ್ತು ಸೆಕೆಂಡ್ ಬಿಡ್ತೀಯ. ನಂಗ್ಯಾಕೆ ಬಿಡ್ಲಿಲ್ಲ?"

"ಹೆದರಿಬಿಟ್ಟೆ."

"ಶುಕ್ರವಾರ ನನ್ನ ಫ್ಲೈಟು. ಇನ್ಮೇಲೆ ಹೆದ್ರೋದೇನೂ ಇಲ್ಲ ಬಿಡು."

ಇವಳು ಹೋದರೆ ನಾನು ಬದುಕುವುದು ಹೇಗೆಂದೇ ತೋಚಲಿಲ್ಲ. "ನನಗೂ ಮೂರು ನಿಮಿಷ ಕೊಡು," ಎಂದು ಅಂಗಲಾಚಿದೆ.

ಮುಖ ತಿರುಗಿಸಿಕೊಂಡೇ ಫೋನಿನಲ್ಲಿ ಟೈಮರ್ ಇಟ್ಟಳು. "ಹೆಸರು? ಏರಿಯಾ?"

"ಲೆಸ್ಟರ್. ಕ್ಯಾನಿಂಗ್ ವೇಲ್."

ಎರಡು ನಿಮಿಷ ಬರೀ ತೊದಲಿದೆ. ಆಮೇಲೆ ಎಲ್ಲ ಒಟ್ಟಿಗೆ ಹೊರಬಂತು. "ನಿನ್ನನ್ನು ಪ್ರೀತಿಸ್ತೇನೆ. ಅದು ಮುಖದಲ್ಲಿ ಕಾಣ್ತದೆ ಅಂತ ಗಡಿಯಾರ ಬಿಟ್ಟು ಬೇರೇನೂ ನೋಡಲಿಲ್ಲ. ತಪ್ಪು ನನ್ನದೇ. ನಾಳೆಯೇ ಆ ಗಂಟೆ ಬೇರೆಯವರಿಗೆ ಕೊಡ್ತೇನೆ. ಮುಂದಿನ ಸಲ ಜನರ ಸಾಲಿನಲ್ಲಿ ನಿಂತು ನಿಮ್ಮ ಪರವಾಗಿ ನಾನೂ ಮಾತಾಡ್ತೇನೆ, ನೀನು ಇಲ್ಲದಿದ್ದರೂ. ಆದರೆ ಪ್ರಣತಿ, ನೀನು ಹೋದರೆ ನಾನು..."

ಫೋನು ಬಡಿದುಕೊಂಡಿತು. ಅದೇ ಹೊತ್ತಿಗೆ ಬಸ್ಸೂ ಬಂದು ನಿಂತು ಬಾಗಿಲು ತೆರೆಯಿತು. ನಾನು ಬಾಯಿ ಮುಚ್ಚಿದೆ. ರೂಲ್ಸ್ ಅಂದರೆ ರೂಲ್ಸ್.

ಪ್ರಣತಿ ಬಸ್ಸನ್ನು ನೋಡಿದಳು. ಅಂಗೈಯಿಂದ ಕಣ್ಣು ಒರೆಸಿಕೊಂಡು ಡ್ರೈವರನಿಗೆ ಹೊರಡಿ ಎಂದು ಕೈಬೀಸಿದಳು. ಆಮೇಲೆ ಫೋನಿನ ಸದ್ದು ಆರಿಸಿದಳು.

"ವಾಕ್ಯ ಮುಗ್ಸು," ಎಂದಳು.